ಡಿಸ್ಚಾರ್ಜ್ ಅಂದರೆ

ಆಸ್ಪತ್ರೆಯ ಆಯಾ ನೆಲ ಒರೆಸುತ್ತ ಬೆಂಚಿನ ಹತ್ತಿರ ಬಂದಾಗ, ಅಲ್ಲಿ ಕೂತಿದ್ದ ಅಜ್ಜಿ ಕಾಲೆತ್ತುವುದನ್ನೂ ಮರೆತು ಮೊಮ್ಮಗಳ ಇಂಗ್ಲಿಷ್ ಪದಗಳ ಪುಸ್ತಕ ಕಿತ್ತುಕೊಂಡರು.

"ನಿಮ್ಮ ತಾತ ಡಿಸ್ಚಾರ್ಜ್ ಅಂತ ನರ್ಸು ಅಂದ್ಲಲ್ಲ, ಅದರ ಅರ್ಥ ಬರ್ಕೊಂಡಿದೀಯಾ?"

"ಹೂಂ ಅಜ್ಜಿ. ಸತ್ತುಹೋಗೋದು."

ಅಜ್ಜಿ ಪುಸ್ತಕವನ್ನು ಪಟ್ಟನೆ ಮುಚ್ಚಿದರು. "ಯಾರೇ ಹೇಳಿದ್ದು?"

"ಅಪ್ಪ. ಮೊಬೈಲು ಸತ್ತಾಗೆಲ್ಲ ಡಿಸ್ಚಾರ್ಜ್ ಆಯ್ತು ಅಂತಾರೆ."

"ಅವನನ್ನ ಹೆತ್ತವಳು ನಾನು. ಅವನಿಗೆಷ್ಟು ಗೊತ್ತು ಅಂತ ನಂಗೊತ್ತು. ಓಡು, ನರ್ಸನ್ನೇ ಕೇಳ್ಕೊಂಡು ಬಾ."

ಅರ್ಥ ಗೊತ್ತಿದ್ದ ಆಯಾ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಓಡಿಯಾಗಿತ್ತು. ವಾಪಸು ಬಂದಿದ್ದು ಕುಣಿಯುತ್ತ.

"ಮನೆಗೆ ಕಳ್ಸೋದಂತೆ ಅಜ್ಜಿ! ತಾತಂಗೆ ವಾಸಿಯಾಗಿದೆಯಂತೆ."

"ತಗೋ ಪುಸ್ತಕ, ಹಾಗಂತ ಬರ್ಕೋ. ದಪ್ಪಕ್ಷರದಲ್ಲಿ ಬರಿ. ನಿಮ್ಮಪ್ಪ ಹೇಳಿದ್ದರ ಮೇಲೆ ಗೀಟು ಎಳಿ."

ಹುಡುಗಿ ಎರಡು ಗೀಟು ಎಳೆದಳು. ಅಷ್ಟರಲ್ಲಿ ವಾರ್ಡಿನ ಬಾಗಿಲು ತೆರೆಯಿತು. ಇಪ್ಪತ್ತು ದಿನ ಹಾಸಿಗೆ ಹಿಡಿದಿದ್ದ ತಾತ, ಗೋಡೆಯ ಆಸರೆಯಿಲ್ಲದೆ ನಿಂತಿದ್ದರು. ಹಿಂದೆಯೇ ವಾರ್ಡ್‌ಬಾಯ್ ಗಾಲಿಕುರ್ಚಿ ತಳ್ಳಿಕೊಂಡು ಬಂದ.

"ಕೂತ್ಕೊಳ್ಳಿ ಯಜಮಾನ್ರೇ, ಗೇಟಿನ ತನಕ ಬಿಟ್ಟುಬರ್ತೀನಿ."

ಆಯಾ ಒದ್ದೆ ನೆಲದಿಂದ ಬಕೆಟ್ಟು ಸರಿಸಿ ದಾರಿ ಬಿಟ್ಟಳು.

"ಬೇಡ," ಎಂದರು ತಾತ. "ಮಲಗಿಕೊಂಡು ಬಂದೋನು ನಾನು. ನಡ್ಕೊಂಡೇ ಹೋಗ್ತೀನಿ."