ಅಕ್ಕನ ನಾಟಿ ಹಾಡು

ಅಜ್ಜಮ್ಮನ ಬಳಿ ಹಳೇ ಫೋನ್ ಇರಲಿಲ್ಲ. ಹೊಸದು ಕೊಳ್ಳುವಾಗ ಅದನ್ನು ಬದಲಿಗೆ ಕೊಟ್ಟಿದ್ದರು. ಅದರಲ್ಲಿದ್ದ ಹಾಡುಗಳನ್ನು ತುಂಬಿಸಿಕೊಂಡಿದ್ದ ಮೆಮೊರಿ ಚಿಪ್ಪು ಮತ್ತು ಹಾಡು ಕೇಳುವ ಅಂಗೈಯಗಲದ ಪ್ಲೇಯರ್ ಹಿಡಿದು ನ್ಯಾಮತಿಯ ಮೊಬೈಲ್ ಅಂಗಡಿಗೆ ಬಂದಿದ್ದರು. ನಾನು ಸ್ಕ್ರೀನ್ ಗಾರ್ಡ್ ಹಾಕಿಸಲು ಕೂತಿದ್ದೆ.

“ಬೇರೆ ಹಾಡು ಬರ್ತಾವಾ ಅಮ್ಮಾ?” ಅಂಗಡಿಯ ಮಾಲತೇಶ ಕೇಳಿದ.

“ಸಿನಿಮಾದ್ದೆಲ್ಲ ಬಡ್ಕಂತೈತೆ. ನಮ್ಮಕ್ಕಂದು ಹಾಕಿದ್ರೆ ಬಾಯೇ ಬಿಡಲ್ಲ.”

ಅವನು ಚಿಪ್ಪನ್ನು ಕಂಪ್ಯೂಟರಿಗೆ ಹಾಕಿ ನೋಡಿದ.

“ಇದು ಫೋನಲ್ಲಿ ರೆಕಾರ್ಡ್ ಮಾಡಿದ್ದು. ಫೈಲಿನ ಹೆಸರಷ್ಟೇ ಎಂಪಿತ್ರೀ ಅಂತ ಬದಲಾಯ್ಸಿದಾರೆ. ಯಾರು ಮಾಡಿದ್ದು?”

“ನಮ್ಮಳಿಯ. ಬಾಳ ಶಾಣ್ಯಾ.”

“ಹೆಸರು ಬದಲಾಯ್ಸಿದ್ರೆ ಪ್ಲೇಯರ್ ಒಪ್ಪಲ್ಲ. ಫೈಲನ್ನೇ ಬದಲಾಯ್ಸಿ ಕೊಡ್ತೀನಿ, ಕೂತ್ಕಳಿ.”

“ಬ್ಯಾಗ ಮಾಡಪ್ಪ, ನಾಳೆ ಗದ್ದೆ ನಾಟಿ ಐತೆ. ನಮಗೆಲ್ಲ ಹಿಂದೆ ಸೊಲ್ಲು ಹೇಳಾಕೆ ಅಷ್ಟೇ ಬರೋದು. ಹಾಡು ಎತ್ತಿಕೊಡಾಕೆ ಅಕ್ಕನೇ ಬೇಕು. ಹೋದ ವರ್ಷ ತೀರ್ಕಂಡ್ಲು.”

ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನಿಂದ ಹೆಂಗಸಿನ ದನಿ ಬಂತು. ಸಾಲು ಮುಗಿದ ಕೂಡಲೇ ಅಜ್ಜಮ್ಮ ಸೊಲ್ಲು ಹೇಳಿದರು, ಸಾಕಷ್ಟು ಜೋರಾಗಿಯೇ.

“ಇನ್ನೊಂದು ಹಾಕು.”

ಅವನು ಹಾಕಿದ. ಆಮೇಲೆ ಮತ್ತೊಂದು.

“ಮಿಕ್ಕಿದ್ದು ಖಾಲಿ ಅಮ್ಮಾ. ಹೆಸರೈತೆ, ಒಳಗೇನೂ ಇಲ್ಲ. ಕಾಪಿ ಆಗೋದ್ರೊಳಗೆ ಯಾರೋ ಚಿಪ್ ಕಿತ್ತಿದಾರೆ.”

“ಬಸ್ ಬಂತು ಅಂತ ನಾನೇ ಕಿತ್ಕಂಡೆ.”

“ಹಳೇ ಫೋನಲ್ಲಿ?”

“ಫೋನ್ ಕೊಟ್ಟ ಅಂಗ್ಡಿಯೋರು ಅದನ್ನ ಎಲ್ಲಾ ಅಳಿಸೇ ತಗಂಡ್ರು.” ಅಜ್ಜಮ್ಮ ಪರದೆಯ ಕಡೆ ನೋಡಿದರು. “ಇನ್ನೊಂದ್ಸಲ ನೋಡಪ್ಪ.”

ಅವನು ಇನ್ನೊಂದು ಸಲ ನೋಡಿ, ಚಿಪ್ಪನ್ನು ಪ್ಲೇಯರಿಗೆ ಹಾಕಿ ಕೊಟ್ಟ. ಅಜ್ಜಮ್ಮ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೊನ್ನಾಳಿ ಬಸ್ಸಿನ ಕಡೆ ನಡೆದರು.

ಅಕ್ಕನ ಹನ್ನೊಂದು ಹಾಡಿನಲ್ಲಿ ಎಂಟು ಹೋಗಿದ್ದವು.