ಕೂಗದೆ ಹೋದ ಆರುನೂರು ಮೀಟರ್

ಹೇಳಿಕೆ ಕೊಡುವವಳು ಈ ಪ್ರಕರಣದ ಗಾಯಾಳುವಿನ ವಾರಗಿತ್ತಿ. ವಯಸ್ಸು ನಲವತ್ತಮೂರು ವರ್ಷ. ಕೆಲಸ ಕನ್ನಡಕದ ಅಂಗಡಿಯಲ್ಲಿ ದೃಷ್ಟಿ ಪರೀಕ್ಷೆ. ವಾಸ ನೀರಿನ ಟ್ಯಾಂಕಿನ ಹಿಂದಿನ ಎರಡನೇ ಅಡ್ಡರಸ್ತೆ, ಮೂಲೆ ಮನೆ, ಮೊದಲ ಮಹಡಿ. ಈ ದಿನ ಮಧ್ಯಾಹ್ನ 2.10ಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ, ಇದೇ ತಿಂಗಳ 6ರಂದು ನಾನು ಕೊಟ್ಟು ಸಹಿ ಮಾಡಿದ ಮೊದಲ ಹೇಳಿಕೆ ಸುಳ್ಳು. ಆ ಹೇಳಿಕೆಯ ಮೇಲೆ ಹಾಲಿನ ವ್ಯಾನಿನ ಚಾಲಕ ಹದಿಮೂರು ದಿನಗಳಿಂದ ಒಳಗಿದ್ದಾನೆ. ಜಾಮೀನು ನಿಲ್ಲುವವರು ಅವನಿಗೆ ಯಾರೂ ಇಲ್ಲವೆಂದು ಕೇಳಿದ್ದೇನೆ. ಅವನದು ತಪ್ಪಿಲ್ಲ.

ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿಯಾದ ಗಾಯಾಳು ಮತ್ತು ನಾನು ಇದ್ದೇವೆ. ಗಾಯಾಳುವನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ನನ್ನ ಗಂಡ ಬೇರೆ ಮನೆಯಲ್ಲಿ, ಬೇರೆಯವರ ಜೊತೆ ಇದ್ದಾರೆ. ನಾನು ಅವರ ತಾಯಿಯ ಮನೆಯಲ್ಲೇ ಉಳಿದಿದ್ದೇನೆ. ಅಕ್ಕ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದರು. ನಮ್ಮಿಬ್ಬರಿಗೂ ಒಂದೊಂದು ಸ್ಕೂಟರ್ ಇದೆ. ಬೆಳಿಗ್ಗೆ 8.50ಕ್ಕೆ ಒಟ್ಟಿಗೆ ಹೊರಟು ಹಳೆ ಚಿತ್ರಮಂದಿರದ ತಿರುವಿನವರೆಗೆ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದೆವು. ಅಲ್ಲಿ ಅವರು ಎಡಕ್ಕೆ, ನಾನು ನೇರಕ್ಕೆ. ಒಂಬತ್ತು ವರ್ಷ ಹೀಗೆಯೇ ನಡೆದಿದೆ. ನಮ್ಮ ಗೇಟಿನಿಂದ ಆ ತಿರುವಿಗೆ ಆರುನೂರು ಮೀಟರ್.

ರಸ್ತೆಯಲ್ಲಿ ಯಾರದಾದರೂ ಸೈಡ್ ಸ್ಟ್ಯಾಂಡ್ ಇಳಿದಿರುವುದು ಕಂಡರೆ ಕೂಗಿ ಹೇಳುವುದು ಗಾಡಿ ಓಡಿಸುವವರ ರೂಢಿ. ಅದಕ್ಕೆ ಗುರುತು ಪರಿಚಯ ಬೇಕಿಲ್ಲ. ಎಡಕ್ಕೆ ತಿರುಗಿದರೆ ಸ್ಟ್ಯಾಂಡ್ ನೆಲಕ್ಕೆ ಕಚ್ಚಿ ಗಾಡಿ ಎಗರುತ್ತದೆಂದು ಎಲ್ಲರಿಗೂ ಗೊತ್ತು. ವಾರಕ್ಕೆ ಇಬ್ಬರು ಮೂವರಿಗಾದರೂ ನಾನು ಕೂಗುತ್ತಿದ್ದೆ.

6ರಂದು ಸುಮಾರು 8.50ಕ್ಕೆ ಗೇಟಿನ ಮುಂದೆ ಹೋಗುತ್ತಿದ್ದ ಒಬ್ಬರಿಗೆ ಹಾಗೆ ಕೂಗಿದೆ. ಅವರು ಕೈ ಎತ್ತಿ, ಕಾಲಿನಿಂದ ಸ್ಟ್ಯಾಂಡ್ ಮೇಲೆ ಮಾಡಿಕೊಂಡು ಹೋದರು. ಅಕ್ಕ ಆಗಲೇ ಗಾಡಿ ಸ್ಟಾರ್ಟ್ ಮಾಡಿ ಕುಳಿತಿದ್ದರು. ಅವರು ಎಂಜಿನ್ ಆರಿಸದೆ, ಸ್ಟ್ಯಾಂಡ್ ಹಾಕಿ, ಇಳಿದು ನನ್ನ ಹತ್ತಿರ ಬಂದರು. ಅದು ಹಳೆಯ ಗಾಡಿ. ಸ್ಟ್ಯಾಂಡ್ ಇಳಿದಿದ್ದರೂ ಓಡುತ್ತದೆ. ಎದುರು ಮನೆಯ ನಿವೃತ್ತ ಮೇಷ್ಟ್ರು ಮತ್ತು ಇಸ್ತ್ರಿಯವನು ಅಲ್ಲಿದ್ದರು. ಅವರಿಗೆ ಕೇಳುವಂತೆ ಅಕ್ಕ ಹೇಳಿದ ಮಾತು ಇದು:

“ನೋಡ್ರಪ್ಪ, ನಮ್ಮನೆ ಟ್ರಾಫಿಕ್ ಪೊಲೀಸು. ಊರವರ ಸ್ಟ್ಯಾಂಡೆಲ್ಲ ಕಣ್ಣಿಗೆ ಬೀಳುತ್ತೆ. ಗಂಡ ಎರಡು ವರ್ಷ ಇನ್ನೊಬ್ಬಳ ಮನೆ ಮುಂದೆ ಗಾಡಿ ನಿಲ್ಲಿಸ್ತಿದ್ದ, ಅದೊಂದು ಕಾಣ್ಲಿಲ್ಲ ಇವಳಿಗೆ.”

ಇಸ್ತ್ರಿಯವನು ನಕ್ಕ. ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪುಟ ತಿರುಗಿಸುವುದನ್ನು ನಿಲ್ಲಿಸಿದರು. ಅಕ್ಕ ತಾವೂ ನಗುತ್ತ ಹೋಗಿ ಗಾಡಿ ಹತ್ತಿ ಹೊರಟರು. ಸ್ಟ್ಯಾಂಡ್ ಎತ್ತಲಿಲ್ಲ.

ಆಗ 8.53. ಗೇಟಿನಿಂದ ಹತ್ತು ಮೀಟರ್ ದಾಟುವ ಮೊದಲೇ ನನಗೆ ಅದು ಕಂಡಿತು. ನಮ್ಮ ನಡುವೆ ಆರು ಮೀಟರ್ ಇತ್ತು. ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯನ್ನು ಅಷ್ಟೇ ದೂರದಲ್ಲಿ ಇಡುತ್ತೇವಾದ್ದರಿಂದ ಈ ಅಳತೆ ನನಗೆ ತಪ್ಪುವುದಿಲ್ಲ. ಕೂಗಲು ಬಾಯಿ ತೆರೆದೆ. ಮುಚ್ಚಿದೆ.

ಸುಮಾರು ಇನ್ನೂರು ಮೀಟರ್ ಹೋದಾಗ ಹಿಂದಿನಿಂದ ಒಬ್ಬ ಬೈಕಿನವನು ಬಂದ. ಅವನಿಗೆ ಕಂಡರೆ ಅವನು ಕೂಗುತ್ತಾನೆಂದು ನನಗೆ ಗೊತ್ತಿತ್ತು. ನಾನು ಗಾಡಿಯನ್ನು ಎಡಕ್ಕೆ ತಂದು ಅವನಿಗೂ ಅಕ್ಕನ ಸ್ಟ್ಯಾಂಡಿಗೂ ನಡುವೆ ಹಾಕಿದೆ. ಗುಂಡಿ ತಪ್ಪಿಸಲು ಹಾಗೆ ಮಾಡಿದೆನೆಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ನಿನ್ನೆ ಹೋಗಿ ನೋಡಿ ಬಂದೆ. ಅಲ್ಲಿ ಗುಂಡಿ ಇಲ್ಲ.

ನಾನೂರು ಮೀಟರಿನ ಹತ್ತಿರ ಸಿಗ್ನಲ್ ಕೆಂಪಿತ್ತು. ನಲವತ್ತು ಸೆಕೆಂಡ್ ಅಕ್ಕಪಕ್ಕ ನಿಂತೆವು. ಅವರ ಎಡಗಾಲು ಸ್ಟ್ಯಾಂಡಿನಿಂದ ಒಂದು ಗೇಣು ಹಿಂದೆ ನೆಲ ಮುಟ್ಟಿತ್ತು. ಸಂಜೆ ಬರುವಾಗ ಅತ್ತೆಯ ಮಾತ್ರೆ ತರುವುದನ್ನು ಮರೆಯಬಾರದೆಂದು ಅವರು ಹೇಳಿದರು. ಆಯ್ತಕ್ಕ ಎಂದೆ. ಬೀಳಲಿ ಎಂದು ನಾನು ಬಯಸಿದೆನೇ ಎಂದು ಕೇಳಿದರೆ, ಮೊಣಕಾಲು ತರಚಲಿ, ಇಸ್ತ್ರಿಯವನಂಥ ಯಾರಾದರೂ ನಾಲ್ಕು ಜನ ನಗಲಿ ಎಂಬಷ್ಟು ಬಯಸಿದೆ. ಅದಕ್ಕಿಂತ ಹೆಚ್ಚು ಬಯಸಲಿಲ್ಲವೆಂದು ಖಚಿತವಾಗಿ ಹೇಳಲಾರೆ.

8.57ಕ್ಕೆ ಅಕ್ಕ ಎಡಕ್ಕೆ ತಿರುಗಿದರು. ಸ್ಟ್ಯಾಂಡ್ ನೆಲಕ್ಕೆ ಕಚ್ಚಿತು. ಹಿಂದಿನ ಚಕ್ರ ಮೇಲೆದ್ದು ಅವರು ಬಲಕ್ಕೆ ಬಿದ್ದರು. ಅವರು ತಿರುಗಿದ ರಸ್ತೆಯಿಂದ ಹಾಲಿನ ವ್ಯಾನ್ ತನ್ನ ಬದಿಯಲ್ಲಿ, ನಿಧಾನವಾಗಿಯೇ ಹೊರಗೆ ಬರುತ್ತಿತ್ತು. ಚಾಲಕ ಬ್ರೇಕ್ ಒತ್ತಿದ. ಮುಂದಿನ ಚಕ್ರ ಅಕ್ಕನ ಸೊಂಟದ ಮೇಲೆ ಹತ್ತಿ ನಿಂತಿತು.

ಚಾಲಕ ಇಳಿದು ವ್ಯಾನನ್ನು ಹಿಂದಕ್ಕೆ ತಳ್ಳಿಸಿ, ತನ್ನ ಟವಲು ಮಡಚಿ ಅವರ ತಲೆಯ ಕೆಳಗಿಟ್ಟ. ಸೇರಿದ್ದ ಜನ ಅವನ ಕಾಲರ್ ಹಿಡಿದರು. ಅವನು ನನ್ನ ಕಡೆ ತಿರುಗಿ, “ಅಕ್ಕಾ, ನೀವು ಹಿಂದೇನೇ ಇದ್ರಲ್ಲ, ನೋಡಿದ್ರಲ್ಲ, ಸ್ವಲ್ಪ ಹೇಳಿ ಇವ್ರಿಗೆ” ಎಂದ. ನಾನು ಅಕ್ಕನ ಗಾಡಿಯನ್ನು ಬದಿಗೆ ಸರಿಸುವವಳಂತೆ ಹೋಗಿ ಸ್ಟ್ಯಾಂಡನ್ನು ಕಾಲಿನಿಂದ ಮೇಲೆ ಮಾಡಿದೆ. ಸ್ಥಳ ಪರಿಶೀಲನೆಯಲ್ಲಿ ಅದು ಕಾಣದೆ ಹೋದದ್ದು ಇದರಿಂದ. ಗಾಡಿ ಈಗ ಠಾಣೆಯ ಹಿತ್ತಲಲ್ಲಿದೆ; ಸ್ಟ್ಯಾಂಡಿನ ತುದಿ ಉಜ್ಜಿ ಬೆಳ್ಳಗಾಗಿರುವುದನ್ನು ನೋಡಬಹುದು.

11.30ಕ್ಕೆ ಆಸ್ಪತ್ರೆಯ ಮೆಟ್ಟಿಲ ಬಳಿ ಭಾವ, ವ್ಯಾನ್ ಅಡ್ಡಾದಿಡ್ಡಿಯಾಗಿ ವೇಗದಲ್ಲಿ ತಪ್ಪು ಬದಿಯಿಂದ ಬಂತೆಂದು ಹೇಳಿಬಿಡು, ಕಂಡವಳು ನೀನೊಬ್ಬಳೇ ಎಂದರು. 1.15ಕ್ಕೆ ಹಾಗೆಯೇ ಹೇಳಿ ಸಹಿ ಮಾಡಿದೆ. ಅವರು ಒತ್ತಾಯ ಮಾಡಲಿಲ್ಲ. ನನಗೆ ಅದು ಅನುಕೂಲವಾಗಿತ್ತು.

14ರಂದು ಅಕ್ಕನನ್ನು ಮನೆಗೆ ತಂದೆವು. ಸೊಂಟದಿಂದ ಕೆಳಗೆ ಅವರಿಗೆ ಏನೂ ತಿಳಿಯುವುದಿಲ್ಲ. ನಾನು ಅರ್ಧ ದಿನದ ಕೆಲಸಕ್ಕೆ ಬದಲಾಯಿಸಿಕೊಂಡು ಅವರ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು ಮಾಡುತ್ತಿದ್ದೇನೆ. ಒಡಹುಟ್ಟಿದವಳೂ ಇಷ್ಟು ಮಾಡುವುದಿಲ್ಲವೆಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ನಿನ್ನೆ 18ರಂದು ಮಧ್ಯಾಹ್ನ 3ಕ್ಕೆ, ಅತ್ತೆ ಮಲಗಿದ್ದಾಗ, ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಬೈಕಿನವನ ವಿಷಯವನ್ನೂ ಬಿಡಲಿಲ್ಲ. ಠಾಣೆಗೆ ಹೋಗಿ ಬರೆಸುತ್ತೇನೆ ಎಂದೆ. ಅವರು ಹೇಳಿದರು:

“ಗಾಡಿ ಕನ್ನಡೀಲಿ ನಿನ್ನ ಮುಖ ಕಾಣ್ತಿತ್ತು ಕಣೇ. ಬಾಯಿ ತೆಗೆದೆ, ಮುಚ್ಚಿದೆ. ಬೈಗುಳ ನುಂಗಿದ್ಲು ಅಂದ್ಕೊಂಡು ನಗ್ತಾ ಹೋದೆ. ಈಗ ಹೋಗಿ ಹೇಳ್ಬೇಡ. ಹೇಳಿದ್ರೆ ನಿಂಗೆ ಹಗುರ ಆಗಿಬಿಡುತ್ತೆ, ನಂಗೇನು ಕಾಲು ಬರಲ್ಲ. ಅವನು ಒಳಗಿರ್ಲಿ ಬಿಡು. ನೀನು ಇಲ್ಲೇ ಇರು. ಚೆನ್ನಾಗಿ ನೋಡ್ಕೋತೀಯ ನೀನು.”

ನಾಲ್ಕಕ್ಕೆ ಅವರನ್ನು ಗೋಡೆಯ ಕಡೆಗೆ ಹೊರಳಿಸಿದೆ.

ಚಾಲಕನನ್ನು ಬಿಡಿಸುವುದಕ್ಕೆ ಸ್ಟ್ಯಾಂಡಿನ ವಿಷಯವಷ್ಟೇ ಸಾಕು, ಉಳಿದದ್ದು ಬೇಕಾಗಿಲ್ಲ, ಕೂಗಲಿಲ್ಲವೆಂಬುದಕ್ಕೆ ಹಾಕಲು ತಮ್ಮಲ್ಲಿ ಕಲಂ ಇಲ್ಲ ಎಂದು ಬರೆದುಕೊಳ್ಳುತ್ತಿರುವ ಮುಖ್ಯ ಪೇದೆಯವರು ಎರಡು ಸಲ ತಿಳಿಸಿದರು. ಆದರೂ ಬರೆಯಬೇಕೆಂದು ಕೇಳಿಕೊಂಡೆ. ನಾನು ಬಂದದ್ದು ಚಾಲಕನಿಗಾಗಿಯೋ ನನಗಾಗಿಯೋ ಎಂಬುದು ನನಗೇ ತಿಳಿಯದು. ಅಕ್ಕ ಹೇಳಿದ್ದು ಮಾತ್ರ ಸರಿ. ಹಗುರವಾಗಿದೆ. ಅದನ್ನೂ ಬರೆದುಕೊಳ್ಳಲು ಹೇಳಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಮೂರೂ ಇದರಲ್ಲಿ ಇದ್ದ ಹಾಗೆಯೇ ಬಂದಿವೆ.

ಸ್ಥಳ: ಠಾಣೆ
ತಾರೀಖು: 19, ಮಧ್ಯಾಹ್ನ 3.25
ಸಹಿ: ಗಾಯಾಳುವಿನ ವಾರಗಿತ್ತಿ