ಮೂರನೆಯ ಕೈ

ಬಾಗಿಲು ಹಾಕಿಬಿಡಿ, ಆಮೇಲೆ ಹೇಳುತ್ತೇನೆ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿಕ್ಕಪ್ಪನ ಕಿರಿಮಗನಿಗೆ ಆದದ್ದು. ಆಳು ಆರಡಿ ಇದ್ದಾನೆ, ಮನೆಮಂದಿಗೆ ಮಾತ್ರ ಇನ್ನೂ ಸಣ್ಣು.

ಆ ರಾತ್ರಿ ಸಣ್ಣು ಬ್ಯಾಂಡಿನ ತಾಲೀಮು ಮುಗಿಸಿ ನಡೆದು ಬರುತ್ತಿದ್ದ. ಬೆನ್ನ ಮೇಲೆ ಬೇಸ್ ಗಿಟಾರು. ಅದು ಅವನ ಅಣ್ಣನದು. ಅಣ್ಣ ಎದೆನೋವು ಬಂದು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಹಳೇ ಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಇಬ್ಬರೂ ಜೊತೆಗೆ ಬರುತ್ತಿದ್ದಾಗ ಅದರ ಕಟ್ಟೆಯ ಮೇಲೆ ಗಿಟಾರು ಇಳಿಸಿ, ಹೊರೆ ಬದಲಾಯಿಸಿಕೊಳ್ಳುತ್ತಿದ್ದರು. ಅವತ್ತು ಸಣ್ಣು ನಿಲ್ಲಲಿಲ್ಲ. ತಲೆ ತಗ್ಗಿಸಿಕೊಂಡು ಸರಸರನೆ ದಾಟಿದ. ಅಷ್ಟರಲ್ಲಿ ಬೆನ್ನ ಹಿಂದೆ, ಜಿಪ್ಪು ಎಳೆದ ಚೀಲದೊಳಗೆ...

ಧುಂ...

ಒಂದೇ ಸಲ. ಎಲ್ಲಕ್ಕಿಂತ ದಪ್ಪ ತಂತಿ. ಯಾರೋ ಬೆರಳಿನಿಂದ ಮೀಟಿದ ಹಾಗೆ.

ಹೆದರಲು ಅವನಿಗೆ ಕಾರಣವೂ ಇತ್ತು. ಗಿಟಾರು ಕೊಡುವಾಗ ಅತ್ತಿಗೆ ಕೇಳಿಕೊಂಡದ್ದು ಒಂದೇ ಮಾತು. “ಸಣ್ಣು, ತಂತಿ ಮಾತ್ರ ಬದಲಾಯಿಸಬೇಡಪ್ಪ. ಅವರ ಕೈಯಾಡಿದ್ದು ಅಂತ ಅದಷ್ಟೇ ಉಳಿದಿರೋದು.”

ಅಣ್ಣನದು ಉಪ್ಪುಬೆವರು. ಅವನು ಮುಟ್ಟಿದ ಹೊಸ ತಂತಿ ಬೆಳಗಾಗುವುದರೊಳಗೆ ಕಪ್ಪಾಗುತ್ತಿತ್ತು. “ಅದು ಕೈಯೋ ಉಪ್ಪಿನ ಡಬ್ಬಿಯೋ?” ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಅದಕ್ಕೇ ಅವನು ನುಣುಪಾದ ಚಪ್ಪಟೆ ಸುತ್ತಿನ ತಂತಿ ಹಾಕಿಸಿ, ದಿನಾ ಒರೆಸಿ, ವರ್ಷಗಟ್ಟಲೆ ಕಾಪಾಡಿಕೊಂಡಿದ್ದ.

ಆದರೆ ಆ ತಂತಿಗಳ ದನಿ ಮೆತ್ತಗೆ. ಅವತ್ತು ಸಂಜೆ ಬ್ಯಾಂಡ್ ಮಾಸ್ಟರು ರೇಗಿಬಿಟ್ಟಿದ್ದ. “ನಿನ್ನ ಬೇಸು ಕಂಬಳಿ ಹೊದ್ದು ಮಲಗಿದೆಯಲ್ಲೋ! ನಾಳೆ ಹೋಟೆಲಿನವರು ಕೇಳೋಕೆ ಬರ್ತಾರೆ. ತಂತಿ ಬದಲಾಯಿಸ್ತೀಯೋ, ಬೇರೆಯವನನ್ನ ಕರೀಲೋ?” ಆ ಹೋಟೆಲಿನ ಕೆಲಸ ಕೈತಪ್ಪಿದರೆ ಅತ್ತಿಗೆ, ಮಗು, ಮನೆ ಎಲ್ಲಕ್ಕೂ ಕಷ್ಟ. ಸಣ್ಣು ಅಲ್ಲೇ ಇಕ್ಕಳ ತೆಗೆದುಕೊಂಡ. ತಂತಿ ಸಡಿಲಿಸಿ ಬಿಚ್ಚಿದ್ದರೆ ಮತ್ತೆ ಹಾಕಬಹುದಿತ್ತು. ಅಷ್ಟು ತಾಳ್ಮೆ ಎಲ್ಲಿತ್ತು? ಬಿಗಿಯಾಗಿದ್ದ ಹಾಗೇ ಕತ್ತರಿಸಿಬಿಟ್ಟ. ಠಣ್... ಠಣ್... ಠಣ್... ಠಣ್. ತರಿತರಿಯಾದ ದುಂಡು ಸುತ್ತಿನ ಹೊಸ ತಂತಿ ಹಾಕಿದ.

ಮನೆಗೆ ಬಂದು ಮೀಟಿದರೆ ಝರ್‌ರ್‌ರ್... ಡಬ್ಬಿಯೊಳಗೆ ಜೀರುಂಡೆ ಬಿದ್ದ ಹಾಗೆ. ಹಳೇ ತಂತಿಗಳ ಎಳೆತ ಜಾಸ್ತಿ, ಹೊಸವುಗಳದ್ದು ಕಡಿಮೆ. ಎಳೆತ ತಗ್ಗಿದರೆ ಗಿಟಾರಿನ ಕುತ್ತಿಗೆಯೊಳಗಿನ ಕಬ್ಬಿಣದ ಸರಳು ಮರವನ್ನು ಹಿಂದಕ್ಕೆ ಬಗ್ಗಿಸುತ್ತದೆ, ತಂತಿ ಅದರ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ ತಾಗುತ್ತದೆ. ಸರಳನ್ನು ಕೀಲಿಯಿಂದ ಒಂಚೂರು ಸಡಿಲಿಸಬೇಕು. ಆಮೇಲೆ ತಂತಿಯನ್ನು ಮೊದಲ ಪಟ್ಟಿಗೂ ಕೊನೆಯ ಪಟ್ಟಿಗೂ ಒತ್ತಿ ಹಿಡಿದು, ನಡುವೆ ಒಂದು ತೆಳ್ಳನೆ ಕಾರ್ಡು ತೂರುತ್ತದಾ ಅಂತ ನೋಡಬೇಕು.

ಅಂದರೆ ಮೂರು ಕೈ ಬೇಕು. ರಿಪೇರಿ ಅಂಗಡಿಯವರು ಒಂದು ಕಡೆ ಕ್ಲಿಪ್ಪು ಹಾಕಿಕೊಳ್ಳುತ್ತಾರೆ. ಇವರ ಮನೆಯಲ್ಲಿ ಕ್ಲಿಪ್ಪು ಯಾವತ್ತೂ ಇರಲಿಲ್ಲ. ಮೊದಲ ಪಟ್ಟಿಯನ್ನು ಅಣ್ಣ ಹಿಡಿಯುತ್ತಿದ್ದ. ಹಿಡಿದು, “ಹಿಡಿದಿದೀನಿ... ನೋಡು” ಅನ್ನುತ್ತಿದ್ದ.

ಒಳಕೋಣೆಯಿಂದ ಅತ್ತಿಗೆಯ ಪಿಸುದನಿ ಬಂತು. “ಸಣ್ಣು... ಇನ್ನೂ ಮಲಗಿಲ್ವಾ?”

“ಇಲ್ಲ ಅತ್ತಿಗೆ... ಆಯ್ತು.”

“ಅದರ ದನಿ ಯಾಕೋ ಬೇರೆ ಥರ ಇದೆಯಲ್ಲೋ?”

“ಏನಿಲ್ಲ ಅತ್ತಿಗೆ. ಮಲಗಿ.”

ಮೈಯೆಲ್ಲ ಬೆವರು ಅವನಿಗೆ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ. ಎಡಗೈಯಿಂದ ದಪ್ಪ ತಂತಿಯನ್ನು ಮೊದಲ ಪಟ್ಟಿಗೆ ಒತ್ತಿದ, ಬಲ ಮೊಣಕೈಯಿಂದ ಕೊನೆಯದಕ್ಕೆ. ಬಲಗೈ ಬೆರಳುಗಳ ನಡುವೆ ಕಾರ್ಡು. ಅದು ಜಾರಿತು. ನೆಲಕ್ಕೆ ಬಿದ್ದು ‘ಟಿಕ್’ ಎಂದಿತು. ಮೊಣಕೈ ಎತ್ತದೆ, ಬಗ್ಗಿ ಎಡಗೈಯಿಂದ ಎತ್ತಿಕೊಂಡ. ತಂತಿಯ ಕೆಳಗೆ ತೂರಿಸಿದ. ಹೋಗಲಿಲ್ಲ, ಸಂದು ಸಾಲದು. ಕಾರ್ಡು ಬಾಯಲ್ಲಿ ಕಚ್ಚಿಕೊಂಡು, ಎಡಗೈಗೆ ಕೀಲಿ ತೆಗೆದುಕೊಂಡು ತಿರುಗಿಸಿದ. ಕಿರ್‌ರ್... ಒಳಗೆ ಮರ ನರಳಿತು.

ಆಗ ಹೊಳೆಯಿತು.

ಬಲ ಮೊಣಕೈ ಕೊನೆಯ ಪಟ್ಟಿಯ ಮೇಲೆ. ಎಡಗೈಯಲ್ಲಿ ಕೀಲಿ. ಹಾಗಾದರೆ ಮೊದಲ ಪಟ್ಟಿಯ ಹತ್ತಿರ...

ತಂತಿ ಕೆಳಗೇ ಇತ್ತು. ಒತ್ತಿದ ಹಾಗೆ, ಪಟ್ಟಿಗೆ ಅಂಟಿಕೊಂಡು. ಮೇಲೆ ಏನೂ ಇರಲಿಲ್ಲ.

ಕಿವಿಯ ಪಕ್ಕದಲ್ಲೇ, ಉಸಿರಿನಷ್ಟು ಮೆಲ್ಲಗೆ...

“ಹಿಡಿದಿದೀನಿ... ನೋಡು.”

ಅವನು ನೋಡಿದ. ಪಕ್ಕಕ್ಕಲ್ಲ ಮತ್ತೆ! ಪಕ್ಕಕ್ಕೆ ತಿರುಗುವ ಧೈರ್ಯ ಯಾರಿಗಿರುತ್ತೆ? ಕಾರ್ಡು ಇಟ್ಟು ನೋಡಿದ. ಸರ್‌ರ್... ಸಲೀಸಾಗಿ ತೂರಿತು. “ಸ... ಸರಿಯಾಯ್ತು ಅಣ್ಣ” ಎಂದುಬಿಟ್ಟ, ಅಭ್ಯಾಸ ನೋಡಿ. ಟಪ್. ತಂತಿ ತಾನಾಗಿ ಮೇಲೆದ್ದಿತು.

ಬೆಳಗಿನವರೆಗೂ ಅವನು ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದ.

ಅತ್ತಿಗೆ ಎದ್ದು ಬಂದರು. ಹೊಸ ತಂತಿ ಫಳಫಳ ಹೊಳೆಯುತ್ತಿತ್ತು, ಮುಚ್ಚಿಡುವ ಹಾಗಿರಲಿಲ್ಲ. “ಕತ್ತರಿಸಿಬಿಟ್ಯಾ?” ಎಂದರು. ದನಿ ಒಡೆದಿತ್ತು. ಸಣ್ಣು ಬಾಯಿ ತೆರೆಯುವ ಮೊದಲೇ ಅವರು ಗಿಟಾರಿನ ಮೇಲೆ ಬಗ್ಗಿದರು. ಮೊದಲ ಪಟ್ಟಿಯ ಹತ್ತಿರ ದಪ್ಪ ತಂತಿಗೆ ಬೆರಳು ತೋರಿಸಿದರು.

“ಇಲ್ಲಿ ಮಾತ್ರ ಒರೆಸಬೇಡ” ಎಂದಷ್ಟೇ ಹೇಳಿ ಒಳಗೆ ಹೋದರು.

ಹೋಟೆಲಿನ ಕೆಲಸ ಸಿಕ್ಕಿತು. ಆಮೇಲೆ ಸಣ್ಣು ಮೂರು ತಂತಿಗಳನ್ನು ಎಷ್ಟೋ ಸಲ ಬದಲಾಯಿಸಿದ್ದಾನೆ. ದಪ್ಪ ತಂತಿ ಮಾತ್ರ ಅದೇ. ನಗಬೇಡಿ, ನಾನೇ ಹೋಗಿ ನೋಡಿ ಬಂದಿದ್ದೇನೆ. ತಂತಿಯುದ್ದಕ್ಕೂ ಬಿಳಿ ಹೊಳಪು, ಮೊದಲ ಪಟ್ಟಿಯ ಹತ್ತಿರ ಒಂದು ಬೆರಳಿನಗಲ ಕಪ್ಪು. ಯಾರೂ ಇಲ್ಲದಾಗ ಮುಟ್ಟಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡೆ.

ಉಪ್ಪು.